ಕಾಣೆಯಾದ ಕುರುಗೋಡು ಕಟ್ಟು

ಆ ಬುಧವಾರ ಬೆಳಿಗ್ಗೆ ನಾನು ಸತ್ಯನಾರಾಯಣಪೇಟೆಯ ಸೀತಾಬಾಯಿಯವರ ಮನೆಗೆ ಹೋದಾಗ, ಅವರೆದುರು ಒಬ್ಬ ಹುಡುಗಿ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊರಳಲ್ಲಿ ಪಾಲಿಕೆಯ ಗುರುತಿನ ಚೀಟಿ ನೇತಾಡುತ್ತಿತ್ತು. ಬಾಗಿಲ ಹೊರಗೆ ಅದಿರು ಲಾರಿಗಳ ಕೆಂಪು ಧೂಳು ಎಂದಿನಂತೆ ಎದ್ದಿತ್ತು.

"ಬರ್ರಿ ಖಾದರಸಾಬ್ರೆ, ಕೂಡ್ರಿ," ಎಂದರು ಸೀತಾಬಾಯಿ. "ಈಕಿ ಸಿಂಧು. ಊರಿಗೆ ಸಿಟಿ ಬಸ್ ತರೋ ಯೋಜನಾ ನೋಡಿಕೊಳ್ಳಾಕಿ. ಇನ್ನೊಮ್ಮೆ ಮೊದಲಿಂದ ಹೇಳವಾ."

ನಾನು ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಸೀತಾಬಾಯಿಯವರು ಅದೇ ಡಿಪೋದಲ್ಲಿ ವೇಳಾಪಟ್ಟಿ ಬರೆಯುತ್ತಿದ್ದರು. ಬಸ್ಸು ಯಾಕೆ ತಡವಾಯಿತು ಎಂದು ನಾವು ಹೇಳುವ ಕಾರಣ ಕೇಳಿ, ಯಾರದು ನಿಜ, ಯಾರದು ಸುಳ್ಳು ಎಂದು ಕುರ್ಚಿ ಬಿಟ್ಟೇಳದೆ ಹೇಳಿಬಿಡುತ್ತಿದ್ದರು. ನಿವೃತ್ತಿಯಾದ ಮೇಲೆ ಬಳ್ಳಾರಿಯ ಜನ ಕಳೆದುಕೊಂಡದ್ದನ್ನು ಹುಡುಕಿಸಲು ಅವರ ಹತ್ತಿರ ಬರತೊಡಗಿದರು. ಅವರ ಜೊತೆ ಓಡಾಡುವ ಕೆಲಸ ನನ್ನದಾಯಿತು.

ಸಿಂಧು ಹೇಳಿದ್ದು ಹೀಗೆ. ಊರಿನಲ್ಲಿ ಗಣಿಯ ದುಡ್ಡು ಹರಿದಾಡುತ್ತಿದ್ದರೂ ಜೀನ್ಸ್ ಹೊಲಿಯಲು ಬರುವ ಹೆಂಗಸರು ಟ್ರ್ಯಾಕ್ಟರಿನಲ್ಲಿ ನಿಂತು ಬರುತ್ತಿದ್ದರು. ಬಸ್ಸು, ಡ್ರೈವರು, ಕಂಡಕ್ಟರು ಕೊಡಲು ಸಾರಿಗೆ ಸಂಸ್ಥೆ ಒಪ್ಪಿತ್ತು. ಆದರೆ ಮೊದಲ ಮೂರು ವರ್ಷ ನಷ್ಟವಾದರೆ ಅರ್ಧ ಪಾಲಿಕೆ ತುಂಬಿಕೊಡಬೇಕೆಂಬ ಷರತ್ತು ಹಾಕಿತ್ತು. ಲಾರಿಗಳಿಂದ ಬರುವ ರಸ್ತೆ ಶುಲ್ಕದಲ್ಲಿ ಒಂದು ಪಾಲು ಅದಕ್ಕೆಂದು ಎತ್ತಿಡಬೇಕೆಂದು ಸಿಂಧು ಬರೆದಿದ್ದಳು. ಜನ ನಿಜವಾಗಿ ಬಸ್ಸು ಹತ್ತುತ್ತಾರೆ ಎಂಬುದಕ್ಕೆ ಪುರಾವೆ ಬೇಕಲ್ಲ? ಹದಿನೈದು ದಿನ ನಿಲ್ದಾಣಗಳಲ್ಲಿ ಕಾರ್ಡು ಹಂಚಿ ಬರೆಸಿದ್ದರು. ಹೆಸರೇನು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಬಸ್ಸಿದ್ದರೆ ಎಲ್ಲಿಗೆ ಹೋಗುವಿರಿ, ಏನು ಅನುಕೂಲ ಬೇಕು ಎಂದು ಕೇಳುವ ಕಾರ್ಡುಗಳು.

"ಐದು ಬಸ್ ಮಾರ್ಗ, ಐದು ಕಟ್ಟು ಕಾರ್ಡು, ಮೇಡಂ. ಒಂದು ಎರಡು ಊರೊಳಗಿನವು, ಮೂರು ಕುರುಗೋಡು, ನಾಲ್ಕು ಹಲಕುಂದಿ, ಐದು ಸಿರುಗುಪ್ಪ. ಶುಕ್ರವಾರ ಕೌನ್ಸಿಲ್ ಸಭಾ ಅದ. ಸಂಸ್ಥೆಯವರು ಬಂದು ಕಾರ್ಡು ಎಣಿಸಿ ನೋಡ್ತಾರ. ಇವತ್ತ ಬೀರು ತೆಗದ್ರ ಮೂರನೇ ಕಟ್ಟು ಇಲ್ಲ."

"ಬೀಗ?"

"ಮುರದಿಲ್ಲ. ಕೀಲಿ ಮೂರು ಮಂದಿ ಹತ್ರ ಅವ. ನಾನು, ಹೆಡ್ ಕ್ಲರ್ಕ್ ವೆಂಕಟೇಶ ಸರ್, ಕಸ ಹೊಡಿಯೋ ಹಂಪಮ್ಮ. ನಮ್ಮ ಅಧಿಕಾರಿ ಚಿದಾನಂದಪ್ಪನವರು ಹಂಪಮ್ಮಂದಾ ಕೆಲಸ ಅಂತಾರ. ಯಾರೋ ದುಡ್ಡು ಕೊಟ್ಟು ಮಾಡಿಸ್ಯಾರಂತ."

"ಯಾರೋ ಅಂದ್ರ?"

"ಟಂಟಂ ಆಟೋ ಮಾಲೀಕರ ಸಂಘದ ದಾದಾಪೀರ್. ನಿನ್ನೆ ಸಂಜಿ ಬಂದು, ಇವನ್ನೆಲ್ಲ ಸುಟ್ಟಹಾಕ್ಬೇಕು ಅಂತ ಕೂಗ್ಯಾಡಿ ಹೋದ್ರು."

ನಾವು ಮೂವರೂ ಪಾಲಿಕೆ ಕಚೇರಿಗೆ ನಡೆದೆವು. ಮೆಟ್ಟಿಲ ಮೇಲೆ ಹಂಪಮ್ಮ ಕಸಬರಿಗೆ ಪಕ್ಕಕ್ಕಿಟ್ಟು ಕೂತಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ನಾಳೆಯಿಂದ ಬರಬೇಡ ಎಂದು ಸಾಹೇಬರು ಹೇಳಿದ್ದರಂತೆ.

"ಹದಿನಾಕು ವರ್ಷ ಕಸ ಹೊಡದೀನ್ರಿ ಅಮ್ಮಾರ. ಒಂದು ಗುಂಡುಸೂಜಿ ಮುಟ್ಟಿಲ್ಲ."

"ಕುರುಗೋಡಿನ ಕಟ್ಟು ಯಾವುದು ಅಂತ ನಿನಗ ಗೊತ್ತಿತ್ತೇನು?"

"ನಂಗ ಅಕ್ಷರ ಬರಂಗಿಲ್ರಿ. ಬೀರಿನ್ಯಾಗ ಎಲ್ಲಾ ಒಂದಾ ಥರ ಕಾಣ್ತಾವ."

ಬೀರು ಕೋಣೆಯ ಮೂಲೆಯಲ್ಲಿತ್ತು. ಒಂದು, ಎರಡು, ನಾಲ್ಕು, ಐದು ಎಂದು ಬರೆದ ಕಟ್ಟುಗಳು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಒಂದರ ಮೇಲೊಂದು ನೇರವಾಗಿ ಕೂತಿದ್ದವು. ಎರಡು ಮತ್ತು ನಾಲ್ಕರ ನಡುವೆ ಒಂದು ಹಾಳೆ ಇತ್ತು. ಸೀತಾಬಾಯಿ ಅದನ್ನು ಎತ್ತಿ ಓದಿದರು. ಕುರುಗೋಡು ಮಾರ್ಗದ ಒಟ್ಟು ಲೆಕ್ಕ: ಯಾವ ದಿನ ಎಷ್ಟು ಜನ, ಎಷ್ಟು ಹೊತ್ತಿಗೆ. ಕೆಳಗೆ ವೆಂಕಟೇಶ ಎಂದು ಸಹಿ.

"ಇದು ಕಟ್ಟಿನ ಜೊತಿಗೇ ಇತ್ತೇನು?"

"ಮ್ಯಾಲೆ ಕಟ್ಟಿತ್ತು, ಮೇಡಂ," ಎಂದಳು ಸಿಂಧು. "ಒಂದು, ಎರಡು, ಮೂರು ವೆಂಕಟೇಶ ಸರ್ ಕೂಡಿಸಿದ್ರು. ನಾಲ್ಕು ಐದು ನಾನು. ಐದರಾಗ ಒಂದು ದಿನದ ಲೆಕ್ಕ ಕೆಟ್ಟದ. ಸಿರುಗುಪ್ಪ ರಸ್ತ್ಯಾಗ ಅದಿರು ಲಾರಿ ಮಗುಚಿ ಬಿದ್ದಿತ್ತು, ನಮ್ಮ ಸ್ಟಾಪಿನಾಗ ಒಂಬತ್ತೇ ಕಾರ್ಡು ಬಂದ್ವು."

ವೆಂಕಟೇಶ ತಮ್ಮ ಮೇಜಿನಿಂದ ಎದ್ದು ಬಂದು ನಮಸ್ಕರಿಸಿದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಮನುಷ್ಯ. ಹಣೆಯಲ್ಲಿ ತೆಳುವಾದ ಕಪ್ಪು ಅಂಗಾರದ ಗೀಟು, ಇಸ್ತ್ರಿ ಮಾಡಿದ ಅಂಗಿ. ಮುಖ ಮಾತ್ರ ಬಿಸಿಲಿಗೆ ಕಂದಿತ್ತು.

"ಹಿಂಗಾಗಬಾರದಿತ್ರಿ," ಎಂದರು ಮೆತ್ತಗೆ. "ಸಿಂಧು ಭಾಳ ಕಷ್ಟಪಟ್ಟಾಳ. ಆದ್ರ ಹೆದರಬ್ಯಾಡವಾ, ಎಲ್ಲೇ ಇದ್ರೂ ಜ್ವಾಪಾನ ಇರ್ತಾವ."

ಸೀತಾಬಾಯಿ ಅವರನ್ನು ಒಂದು ಗಳಿಗೆ ನೋಡಿ, ಹಾಜರಿ ಪುಸ್ತಕ ಕೇಳಿದರು. ಎರಡು ಪುಟ ತಿರುವಿ ಮುಚ್ಚಿದರು. ಹೊರಗೆ ಬಂದ ಮೇಲೆ ನಾನು ಕೇಳಿದೆ.

"ದಾದಾಪೀರ್ ಹತ್ರ ಹೋಗೋಣೇನ್ರಿ ಬಾಯಾರ?"

"ಹೋಗೋಣ. ಆಮೇಲೆ ಕುರುಗೋಡು ಬಸ್ಸು ನಿಲ್ಲೋ ಜಾಗಕ್ಕ."

ದಾದಾಪೀರ್ ಮೋತಿ ವೃತ್ತದ ಹತ್ತಿರ ತನ್ನ ಟಂಟಂಗೆ ಒರಗಿ ನಿಂತಿದ್ದ. ನನ್ನನ್ನು ನೋಡಿ, "ಸಲಾಂ ಚಾಚಾ," ಎಂದ. ಸೀತಾಬಾಯಿಯವರನ್ನು ನೋಡಿ ಬೀಡಿ ಎಸೆದ.

"ಕೂಗಿದ್ದು ಖರೇನ್ರಿ ಅಮ್ಮಾ. ನೂರಾಎಂಬತ್ತು ಟಂಟಂ ಅದಾವ. ಬಸ್ಸು ಬಂದ್ರ ನಮ್ಮ ಮಕ್ಳು ಏನ್ ತಿನ್ಬೇಕು? ಆದ್ರ ಕದಿಯಾಕ ನಾ ಹೋಗಂಗಿಲ್ಲ. ಸಂಸ್ಥೆಯೋರ ಹತ್ರ ಸೀದಾ ಮಾತಾಡ್ತೀನಿ. ಬಸ್ಸು ಹೋಗ್ದಿರೋ ಗಲ್ಲಿಯಿಂದ ಸ್ಟಾಪಿನ್ತನಕ ನಮ್ಮನ್ನ ಓಡಿಸ್ರಿ ಅಂತ."

"ನಿಮ್ಮ ಗಾಡಿ ಕುರುಗೋಡಿಗೆ ಹೋಗ್ತಾವೇನು?"

"ಅಷ್ಟು ದೂರ ಯಾರ್ ಹೋಗ್ತಾರ್ರಿ? ಇಂಜಿನ್ ಸುಡ್ತೈತಿ. ಊರಾಗಾ ನಮ್ಮ ದಂಧೆ."

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ನಾವು ಕುರುಗೋಡು ಕಡೆಯ ಬಸ್ಸುಗಳು ನಿಲ್ಲುವಲ್ಲಿ ಇದ್ದೆವು. ಬಾದನಹಟ್ಟಿಯಿಂದ ಬಂದ ಟ್ರ್ಯಾಕ್ಟರಿನಿಂದ ಹೆಂಗಸರು ಒಬ್ಬೊಬ್ಬರಾಗಿ ಜಿಗಿಯುತ್ತಿದ್ದರು. ಮುಖಕ್ಕೆ ಸುತ್ತಿದ್ದ ಓಢಣಿಗಳೆಲ್ಲ ಕೆಂಪಾಗಿದ್ದವು. ಅವರಲ್ಲಿ ಆಫ್ರೀನ್ ಎಂಬ ಹುಡುಗಿ ನನ್ನ ಗುರುತಿನವಳು. ಜೀನ್ಸ್ ಘಟಕದಲ್ಲಿ ಜಿಪ್ ಹೊಲಿಯುತ್ತಿದ್ದಳು.

"ಇಲ್ಲಿ ಇತ್ತೀಚಿಗೆ ಯಾರಾದ್ರೂ ಹೊಸಬರು ನಿಂತಿದ್ರೇನವಾ?" ಎಂದು ಕೇಳಿದರು ಸೀತಾಬಾಯಿ.

"ಒಬ್ಬಾತ ನಿಂದಿರ್ತಿದ್ನಲ್ರಿ ಅಮ್ಮಾ! ಹತ್ತು ದಿನದಿಂದ. ಹಣಿಮ್ಯಾಲೆ ಕರೇ ಗೀಟು. ಬರೀ ಹೆಂಗಸರ ಮುಖಾನಾ ನೋಡ್ತಿದ್ದ. ಚಪ್ಲಿ ತಗೊಳ್ಳೋಣು ಅಂದ್ಕಂಡ್ವಿ. ಆಮ್ಯಾಲೆ ನಮ್ಮ ಗುಲ್ನಾಜ್ ಅಂದ್ಲು, ಬ್ಯಾಡ ಬಿಡ್ರೇ, ಆತ ಹುಡುಗೇರ್ನ ನೋಡಂಗಿಲ್ಲ, ನಲವತ್ತು ದಾಟಿದೋರ್ನ ಅಷ್ಟಾ ನೋಡ್ತಾನ, ಅಂತ. ಒಬ್ಬೊಬ್ರು ಇಳಿದಾಗೂ ಒಂದು ಹೆಜ್ಜಿ ಮುಂದ ಬರ್ತಿದ್ದ, ಮತ್ತ ಹಿಂದಕ ಸರೀತಿದ್ದ. ನೋಡಿದ್ರ ಕರುಳು ಚುರುಕ್ ಅಂತಿತ್ತು."

ಸೀತಾಬಾಯಿ ಬಸ್ಸು ಬರುವ ದಾರಿಯ ಕಡೆ ನೋಡಿದರು. ಗಂಡ ತೀರಿಕೊಂಡು ಹದಿನಾರು ವರ್ಷವಾದರೂ ಅವರು ಸಂಜೆ ಆರಕ್ಕೆ ಬಾಗಿಲ ಕಡೆ ನೋಡುವುದನ್ನು ನಾನು ಕಂಡಿದ್ದೆ. ಆ ಬೆಳಿಗ್ಗೆ ಅವರ ಮುಖದಲ್ಲಿ ಅದೇ ನೋಟವಿತ್ತು.

"ಇವತ್ತ ನಾಲ್ಕಕ್ಕ ಎಲ್ಲಾರನ್ನೂ ಆ ಕೋಣಿಗೆ ಕರೀರಿ," ಎಂದರು ಕೊನೆಗೆ.

ನಾಲ್ಕಕ್ಕೆ ಎಲ್ಲರೂ ಸೇರಿದರು. ಚಿದಾನಂದಪ್ಪನವರು ಕುರ್ಚಿಯಲ್ಲಿ ಗಂಟು ಮುಖ ಹಾಕಿಕೊಂಡಿದ್ದರು. ಸಿಂಧು, ವೆಂಕಟೇಶ, ದಾದಾಪೀರ್ ಬೆಂಚಿನ ಮೇಲಿದ್ದರು. ಹಂಪಮ್ಮ ಬಾಗಿಲ ಹತ್ತಿರ ನಿಂತೇ ಇದ್ದಳು. ಸೀತಾಬಾಯಿ ತಾವೇ ಎದ್ದು ಒಂದು ಕುರ್ಚಿ ಎಳೆದು ಅವಳನ್ನು ಕೂರಿಸಿದರು.

"ಮೊದಲು ಹಂಪಮ್ಮನ ಮಾತು," ಎಂದು ಶುರು ಮಾಡಿದರು. "ಕಳುವಾದ ಕಟ್ಟು ಮ್ಯಾಲಿನದೂ ಅಲ್ಲ, ಕೆಳಗಿನದೂ ಅಲ್ಲ, ನಡುವಿನದು. ಮ್ಯಾಲಿನ ಎರಡು ಇಳಿಸಿ, ಅದನ್ನ ತೆಗೆದು, ಮತ್ತ ನಂಬರ್ ಪ್ರಕಾರ ಇಟ್ಟಾರ. ಅಕ್ಷರ ಬರದಾಕಿ ಕೈಲೆ ಅದು ಆಗಂಗಿಲ್ಲ."

"ದಾದಾಪೀರ್ ಹೇಳಿಕೊಟ್ಟಿರಬಹುದಲ್ಲ?" ಎಂದರು ಚಿದಾನಂದಪ್ಪ.

"ಆತ ಹೇಳಿಕೊಡೋದಾದ್ರ ಊರೊಳಗಿನ ಕಟ್ಟು ಹೇಳಿಕೊಡ್ತಿದ್ದ. ಅದು ಎಲ್ಲಾಕಿಂತ ಮ್ಯಾಲೇ ಇತ್ತು. ಆತನ ಗಾಡಿ ಹೋಗದಿರೋ ಕುರುಗೋಡಿನ ಉಸಾಬರಿ ಆತಗ್ಯಾಕ? ಅದಕಿಂತ ದೊಡ್ಡ ಮಾತು ಇನ್ನೊಂದದ." ಅವರು ಲೆಕ್ಕದ ಹಾಳೆಯನ್ನು ಎತ್ತಿ ತೋರಿಸಿದರು. "ಯೋಜನಾ ಕೆಡಸೋವ ಇದನ್ನ ಬಿಟ್ಟು ಹೋಗ್ತಿದ್ನೇನು? ಕದ್ದವರು ಇದನ್ನ ಬಿಚ್ಚಿ, ಹಾಳಾಗದಂಗ ಅದರ ಜಾಗದಾಗೇ ಇಟ್ಟಾರ. ಅಂದ್ರ ಅವರಿಗೆ ಬಸ್ ಬ್ಯಾಡಾಗಿರಲಿಲ್ಲ. ಸಂಖ್ಯಾನೂ ಬೇಕಾಗಿರಲಿಲ್ಲ. ಕಾರ್ಡು ಬೇಕಾಗಿದ್ವು. ಸಂಖ್ಯಾದಾಗ ಇಲ್ಲದ್ದು ಕಾರ್ಡಿನಾಗ ಏನದ?"

ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು.

"ಮನುಷ್ಯರು. ಮನುಷ್ಯರ ಕೈಬರಹ," ಎಂದರು ಸೀತಾಬಾಯಿ. "ಅಲ್ಲೇನ್ರಿ ವೆಂಕಟೇಶ ಅವರ?"

ವೆಂಕಟೇಶ ತಮ್ಮ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು.

"ನಿನ್ನೆ ಎಲ್ಲಾರೂ ಕಟ್ಟು ಹರದು ಹೋಗೇದ, ಸುಟ್ಟು ಹೋಗೇದ ಅಂತಿದ್ರು. ನೀವೊಬ್ರೇ ಜ್ವಾಪಾನ ಇರ್ತಾವ ಅಂದ್ರಿ. ಒಂದು ದಿನಾನೂ ತಡ ಮಾಡದವರು, ಹತ್ತು ದಿನದಿಂದ ಅರ್ಧ ತಾಸು ತಡ ಅಂತ ಹಾಜರಿ ಪುಸ್ತಕ ಹೇಳ್ತದ. ಆ ಹೊತ್ತಿನಾಗ ನೀವು ಕುರುಗೋಡು ಸ್ಟಾಪಿನಾಗ ಬಿಸಿಲಿಗೆ ನಿಂತು, ನಲವತ್ತು ದಾಟಿದ ಹೆಂಗಸರ ಮುಖ ನೋಡ್ತಿದ್ರಿ. ಯಾರನ್ನ ಹುಡುಕ್ತೀರಿ?"

ವೆಂಕಟೇಶ ನಿಧಾನವಾಗಿ ತಮ್ಮ ಚೀಲ ತೆರೆದರು. ಮಡಿ ಪಂಚೆಯಲ್ಲಿ ಸುತ್ತಿದ ಕಟ್ಟನ್ನು ಮೇಜಿನ ಮೇಲಿಟ್ಟರು. ಮೇಲಿನ ಕಾರ್ಡನ್ನು ತೆಗೆದು ಸೀತಾಬಾಯಿಯವರಿಗೆ ಕೊಟ್ಟರು. ಹೆಸರಿನ ಜಾಗ ಖಾಲಿ. ಊರಿನ ಜಾಗವೂ ಖಾಲಿ. ಬಸ್ಸಿದ್ದರೆ ಎಲ್ಲಿಗೆ ಹೋಗುವಿರಿ ಎಂಬಲ್ಲಿ ಮಾತ್ರ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಬ್ರೂಸ್‌ಪೇಟೆಗೆ. ಅಣ್ಣನ ಮನೆಗೆ. ಅವನು ಕರೆದರೆ.'

"ನನ್ನ ತಂಗಿ ಗೋದಾವರಿ," ಎಂದರು. "ಣ ಬರಿಯೋವಾಗ ಒಂದು ಸುತ್ತು ಜಾಸ್ತಿ ಹಾಕ್ತಾಳ. ಅಕ್ಷರ ಕಲಿಸಿದಾವ ನಾನೇ, ಎಷ್ಟು ಬೈದ್ರೂ ಬಿಡಲಿಲ್ಲ. ಇಪ್ಪತ್ಮೂರು ವರ್ಷದ ಹಿಂದ ರಾಮಪ್ಪ ಅಂತ ಕಾಲುವೆ ಕೆಲಸದವನ್ನ ಮದುವಿ ಆಗಿ ಹೋದ್ಲು. ಆರು ತಿಂಗಳಾದ ಮ್ಯಾಲೆ ಒಮ್ಮೆ ಬಂದಿದ್ಲು, ಅಪ್ಪನ ಕಾಲಿಗೆ ಬೀಳಬೇಕಂತ. ಅಪ್ಪ ಒಳಗಿಂದ ಹೇಳಿದ್ರು, ಬಾಗಿಲ ಹಾಕು ಅಂತ. ಹಾಕಿದಾವ ನಾನು. ಅದರ ಸಪ್ಪಳ ಇನ್ನೂ ಕೇಳ್ತದ್ರಿ ನನಗ."

ಅವರು ಮೇಜಿನ ಮೇಲಿನ ಪಂಚೆಯನ್ನು ಮಡಚತೊಡಗಿದರು.

"ಅಪ್ಪ ಹೋದ ಮ್ಯಾಲೆ ಹುಡುಕಿದೆ. ಕಾಲುವೆ ಕೆಲಸ ಮುಗಿದು ಅವರು ಎಲ್ಲೋ ಹೋಗಿದ್ರು. ಈ ಕಾರ್ಡು ಕೂಡಿಸೋವಾಗ ಕೈಗೆ ಬಂತು. ಹತ್ತು ದಿನ ನಿಂತೆ, ಕಾಣಲಿಲ್ಲ. ಅದೇ ಕೈಬರಹದ ಇನ್ನೊಂದು ಕಾರ್ಡು ಸಿಕ್ರ ಯಾವ ದಿನ ಬರ್ತಾಳಂತ ತಿಳೀತದ ಅಂತ ಕಟ್ಟು ಮನಿಗೆ ಒಯ್ದೆ. ಶುಕ್ರವಾರದೊಳಗ ಇಡೋವಿದ್ದೆ. ಅಷ್ಟರಾಗ ಗುಲ್ಲಾತು, ಬಾಯಿ ಬಿಡೋ ಧೈರ್ಯ ಆಗಲಿಲ್ಲ."

"ನಿಮ್ಮ ಧೈರ್ಯ ಬರೋತನಕ ಈಕಿ ಕಳ್ಳಿ ಆಗಿರಬೇಕಿತ್ತೇನು?" ಸೀತಾಬಾಯಿಯವರ ಧ್ವನಿ ಗಡುಸಾಗಿತ್ತು. "ಅವತ್ತೊಂದು ಬಾಗಿಲ ಹಾಕಿದ್ರಿ. ನಿನ್ನೆ ಇನ್ನೊಂದು."

ವೆಂಕಟೇಶ ಎದ್ದು ಹಂಪಮ್ಮನ ಮುಂದೆ ನಿಂತು ಕೈ ಜೋಡಿಸಿದರು. ಅವಳು ಅವರನ್ನೇ ನೋಡುತ್ತ ಕೂತಿದ್ದಳು.

"ನಿಮ್ಮ ತಂಗಿ ಸಿಗಲ್ರಿ. ನಂಗೂ ಅಣ್ಣ ಅದಾನ. ಆದ್ರ ಇದನ್ನ ನಾ ಮರಿಯಂಗಿಲ್ರಿ," ಎಂದಳು.

ಚಿದಾನಂದಪ್ಪನವರು ಗಂಟಲು ಸರಿಮಾಡಿಕೊಂಡು, ಅವಳು ನಾಳೆ ಎಂದಿನಂತೆ ಕೆಲಸಕ್ಕೆ ಬರಬೇಕು ಎಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಗೆ ಸುಲಭವಾಗಿ ಬರಲಿಲ್ಲ. ಆದರೂ ಬಂತು.

ಸೀತಾಬಾಯಿ ಅಷ್ಟರಲ್ಲಿ ಕಾರ್ಡನ್ನು ನನ್ನ ಕೈಗಿಟ್ಟಿದ್ದರು. "ಖಾದರಸಾಬ್ರೆ, ಇದರ ತಾರೀಖು ನೋಡ್ರಿ. ಮಂಗಳವಾರ, ಹದಿನೆಂಟು. ಅವತ್ತೇನಾಗಿತ್ತು?"

ನನಗೆ ಥಟ್ಟನೆ ಹೊಳೆಯಿತು. "ಲಾರಿ ಮಗುಚಿದ ದಿನ! ಸಿರುಗುಪ್ಪ ರಸ್ತೆ ಬಂದಾಗಿ ಎಲ್ಲಾ ಬಸ್ಸು ಕುರುಗೋಡು ಮ್ಯಾಲೆ ತಿರುಗಿಸಿದ್ರು. ನನ್ನ ಅಳಿಯನೂ ಅದರಾಗಾ ಬಂದ. ಸಿರುಗುಪ್ಪದೋರೆಲ್ಲ ಕುರುಗೋಡು ಸ್ಟಾಪಿನಾಗ ಇಳದಿದ್ರು."

"ಅಲ್ಲಿ ಇಳಿದವರಿಗೆ ಅಲ್ಲಿಯ ಕಾರ್ಡೇ ಕೊಟ್ಟಾರ. ಅದಕ್ಕೇ ಐದನೇ ಕಟ್ಟಿನಾಗ ಆ ದಿನ ಒಂಬತ್ತೇ," ಎಂದರು ಸೀತಾಬಾಯಿ. "ವೆಂಕಟೇಶ ಅವರ, ನಿಮ್ಮ ತಂಗಿ ಕುರುಗೋಡಿನ ದಾರಿಯವಳಲ್ಲ. ನೀವು ಹತ್ತು ದಿನ ಬ್ಯಾರೆ ಸ್ಟಾಪಿನಾಗ ನಿಂತ್ರಿ. ಸಿಂಧು, ಐದನೇ ಕಟ್ಟು ಬಿಚ್ಚು. ಹಳ್ಳಿಯಿಂದ ಬರೋವ್ರು ವಾರದಾಗ ಒಂದೇ ದಿನ ಹಿಡಿದು ಬರ್ತಾರ, ಹಿಂದಿನ ಮಂಗಳವಾರ, ಮುಂದಿನ ಮಂಗಳವಾರ, ಎರಡೇ ದಿನ ನೋಡು."

ವೆಂಕಟೇಶ ಮುಟ್ಟದೇ ಇದ್ದ ಕಟ್ಟು ಅದು. ಸಿಂಧು ಕಾರ್ಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರವಿದಳು. ಅರ್ಧ ತಾಸಿನಲ್ಲಿ ಎರಡೂ ಸಿಕ್ಕವು. ಆ ಎರಡರಲ್ಲೂ ಹೆಸರಿತ್ತು: ಗೋದಾವರಿ, ಹಚ್ಚೊಳ್ಳಿ. ಬಂದ ಕಾರಣ: ಗಂಡನ ಔಷಧಿ. ಏನು ಅನುಕೂಲ ಬೇಕು: 'ಹಚ್ಚೊಳ್ಳಿಗೆ ಕೊನೆಯ ಬಸ್ಸು ಮಧ್ಯಾಹ್ನ ಎರಡಕ್ಕೇ ಹೋಗುತ್ತದೆ. ಸಂಜೆ ಒಂದು ಬೇಕು.' ಅಣ್ಣನ ಸುದ್ದಿ ಬರೆದ ಕಾರ್ಡಿಗೆ ಮಾತ್ರ ಹೆಸರು ಹಾಕುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ವೆಂಕಟೇಶ ಆ ಎರಡು ಕಾರ್ಡುಗಳ ಮೇಲೆ ಅಂಗೈ ಊರಿ, ಮಗುವಿನ ಹಾಗೆ ಅತ್ತುಬಿಟ್ಟರು.

ಶುಕ್ರವಾರದ ಸಭೆ ಜಟಾಪಟಿಯಾಗಿಯೇ ನಡೆಯಿತು. ನಷ್ಟದ ಬಸ್ಸಿಗೆ ಪಾಲಿಕೆಯ ದುಡ್ಡು ಯಾಕೆ, ಆ ದುಡ್ಡಲ್ಲಿ ರಸ್ತೆ ಮಾಡಿಸಿ ಎಂದು ಒಬ್ಬ ಸದಸ್ಯರು ಮೇಜು ಗುದ್ದಿದರು. ಸಿಂಧು ಲೆಕ್ಕದ ಹಾಳೆ ಪಕ್ಕಕ್ಕಿಟ್ಟು ಕಾರ್ಡುಗಳನ್ನೇ ಓದತೊಡಗಿದಳು. ಸಂಸ್ಥೆಯವರು ಎಣಿಸಿ ಸರಿಯೆಂದರು. ಊರೊಳಗಿನ ಮಾರ್ಗಗಳಿಗೂ ಹಲಕುಂದಿ, ಕುರುಗೋಡುಗಳಿಗೂ ಒಪ್ಪಿಗೆ ಸಿಕ್ಕಿತು. ಗಲ್ಲಿಗಳಿಂದ ನಿಲ್ದಾಣದವರೆಗೆ ಟಂಟಂ ಓಡಲಿ ಎಂಬ ದಾದಾಪೀರನ ಮಾತೂ ನಡೆಯಿತು. ಸಿರುಗುಪ್ಪ ಕಡೆಯ ಸಂಜೆ ಬಸ್ಸಿಗೆ ಮಾತ್ರ ನಷ್ಟ ಹೆಚ್ಚೆಂದು ಮುಂದಿನ ಸಭೆಗೆ ತಳ್ಳಿದರು. ವೆಂಕಟೇಶ ತಪ್ಪೊಪ್ಪಿಗೆ ಬರೆದುಕೊಟ್ಟರು. ಒಂದು ವರ್ಷದ ವೇತನ ಬಡ್ತಿ ಹೋಯಿತು, ಬೇರೆ ವಿಭಾಗಕ್ಕೆ ವರ್ಗವಾಯಿತು.

ಭಾನುವಾರ ವೆಂಕಟೇಶ, ಸೀತಾಬಾಯಿ, ನಾನು ಮೂವರೂ ಹಚ್ಚೊಳ್ಳಿಗೆ ಹೋದೆವು. ಕಾಲುವೆ ನೀರಿನ ಗದ್ದೆಗಳ ನಡುವೆ ಊರು. ಗೋದಾವರಿ ಮನೆ ಮುಂದೆ ನೆಲ್ಲು ಒಣಗಿಸುತ್ತಿದ್ದಳು. ಅಣ್ಣನನ್ನು ನೋಡಿ ನೆಲ್ಲು ತಿರುವುವ ಕೈ ನಿಂತಿತು.

"ಅಪ್ಪ?" ಎಂದಳು.

"ಹೋಗಿ ಹನ್ನೊಂದು ವರ್ಷಾತು."

"ಕೊನಿಗೆ ನನ್ನ ಹೆಸರು ತಗೊಂಡ್ರೇನು?"

ಸುಳ್ಳು ಹೇಳಬಹುದಿತ್ತು. ವೆಂಕಟೇಶ ತಲೆ ಅಲ್ಲಾಡಿಸಿದರು. "ಇಲ್ಲ. ನಾನು ತಗೊಂಡೆ. ದಿನಾ."

ಒಳಗೆ ಹಾಸಿಗೆಯ ಮೇಲೆ ರಾಮಪ್ಪ ಮಲಗಿದ್ದ. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಬಲಗೈಯಿಂದ ಭಾವನ ಕೈ ಹಿಡಿದು ಏನೋ ಹೇಳಿದ, ಮಾತು ತೊದಲಿತು. ಊಟವಾದ ಮೇಲೆ ವೆಂಕಟೇಶ ಮನೆಗೆ ಬಾ ಎಂದು ಕರೆದರು. ಎರಡು ಸಲ ಕರೆದರು.

"ಬರಬೇಕಂತ ಎಷ್ಟು ವರ್ಷದಿಂದ ಅನಸ್ತದ," ಎಂದಳು ಗೋದಾವರಿ. "ಆಸ್ಪತ್ರಿ ಸಾಲಿನಾಗ ನಿಂತು ಔಷಧಿ ತಗೊಳ್ಳೋದ್ರಾಗ ಒಂದೂವರಿ ಆಗ್ತದ, ಎರಡಕ್ಕ ಬಸ್. ಉಳಕೊಂಡ್ರ ರಾತ್ರಿ ಇವರನ್ನ ಯಾರು ನೋಡ್ತಾರ? ಬ್ರೂಸ್‌ಪೇಟೆ ತಿರುವು ದಾಟಿ ಹೋಗೋವಾಗ ಕಿಡಕಿ ಕಡೆ ಕೂತು ನೋಡ್ತೀನಿ, ಅಷ್ಟೇ."

ಸಂಜೆ ಬಸ್ಸಿಗಾಗಿ ಸಿಂಧು ಮೂರು ಸಭೆಗಳಲ್ಲಿ ಜಗಳಾಡಿದಳು. ಸೀತಾಬಾಯಿ ತಾವೇ ಕೂತು ವೇಳಾಪಟ್ಟಿ ಹೊಂದಿಸಿಕೊಟ್ಟರು. ಖಾಲಿ ನಿಲ್ಲುತ್ತಿದ್ದ ಒಂದು ಬಸ್ಸನ್ನು ಆ ದಾರಿಗೆ ಹಾಕಿದರೆ ನಷ್ಟ ಅರ್ಧಕ್ಕಿಳಿಯುತ್ತದೆ ಎಂದು ತೋರಿಸಿದರು. ಏಳು ತಿಂಗಳಾದ ಮೇಲೆ, ಸಂಜೆ ಆರೂವರೆಗೆ ಬಳ್ಳಾರಿಯಿಂದ ಹಚ್ಚೊಳ್ಳಿಗೆ ಬಸ್ಸು ಹೊರಟಿತು. ಅದರ ಮುಂದಿನ ಮಂಗಳವಾರ ಗೋದಾವರಿ ಎರಡರ ಬಸ್ಸು ಹತ್ತಲಿಲ್ಲ.

ಆಸ್ಪತ್ರೆಯ ಬಾಗಿಲಿನಿಂದ ಬ್ರೂಸ್‌ಪೇಟೆಯ ಮನೆಯವರೆಗೆ ಅಣ್ಣತಂಗಿ ಮುಂದೆ, ನಾನೂ ಸೀತಾಬಾಯಿಯವರೂ ಹಿಂದೆ. ಮನೆ ಬಂತು. ವೆಂಕಟೇಶ ಬಾಗಿಲ ಎರಡೂ ರೆಕ್ಕೆ ತೆಗೆದು ಒಳಗೆ ಹೋದರು. ಗೋದಾವರಿ ಹೊಸ್ತಿಲ ಮುಂದೆ ನಿಂತುಬಿಟ್ಟಳು. ಕಾಲು ಎತ್ತಲು ನೋಡಿದಳು, ಆಗಲಿಲ್ಲ. ವೆಂಕಟೇಶ ಒಳಗಿನಿಂದ ನೋಡಿದರು, ಕರೆಯಲಿಲ್ಲ. ಮರಳಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಅವಳು ಔಷಧಿ ಚೀಲ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಅತ್ತಿಗೆ ಅಲ್ಲಿಗೇ ಕಾಫಿ ತಂದುಕೊಟ್ಟಳು. ಬಸ್ಸಿನ ಹೊತ್ತಾಗುವವರೆಗೂ ಅವರಿಬ್ಬರೂ ಅಲ್ಲಿಯೇ ಇದ್ದರು.

"ಒಳಗ ಹೋಗಲೇ ಇಲ್ಲಲ್ರಿ ಬಾಯಾರ," ಎಂದೆ ನಾನು, ವಾಪಸು ನಡೆಯುವಾಗ.

"ಇವತ್ತಿಗೆ ಇಷ್ಟು ಸಾಕು, ಖಾದರಸಾಬ್ರೆ," ಎಂದರು ಸೀತಾಬಾಯಿ. "ಮುಂದಿನ ಮಂಗಳವಾರನೂ ಬಸ್ ಅದ."